ಪುಟ್ಟ ಭುಜಕ್ಕೆ ಎಂಥ ಕೋವಿ?

1887ರಲ್ಲಿ ಲಂಡನ್ ನಗರ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದಲ್ಲಿ ಮುಳುಗಿತ್ತು. ಅಮೆರಿಕದಿಂದ ಬಂದಿದ್ದ ‘ಬಫೆಲೊ ಬಿಲ್’ ಪ್ರದರ್ಶನ ತಂಡದಲ್ಲಿ ಐದು ಅಡಿ ಎತ್ತರದ ಹೆಣ್ಣುಮಗಳೊಬ್ಬಳು ಮೇಲಕ್ಕೆಸೆದ ಗಾಜಿನ ಚೆಂಡುಗಳನ್ನು ಗಾಳಿಯಲ್ಲೇ ಒಡೆದು ಜನರನ್ನು ಬೆರಗುಗೊಳಿಸುತ್ತಿದ್ದಳು. ಆಕೆಯೇ ಆನಿ ಓಕ್ಲಿ. ಅಂಥವಳಿಗೂ ಇಂಗ್ಲೆಂಡಿನ ಚುರುಕಾದ ಪಾರಿವಾಳಗಳು ಮೊದಮೊದಲು ಗುರಿಗೆ ಸಿಗಲಿಲ್ಲ. ದೋಷ ಆಕೆಯ ಕಣ್ಣಿನದಲ್ಲ, ಕೈಯಲ್ಲಿದ್ದ ಕೋವಿಯದು ಎಂದು ಕಂಡುಕೊಂಡವನು ‘ಚಾರ್ಲ್ಸ್ ಲ್ಯಾಂಕಾಸ್ಟರ್’ ಎಂಬ ಹೆಸರಿನಲ್ಲಿ ಕೋವಿ ತಯಾರಿಸುತ್ತಿದ್ದ ಹೆನ್ರಿ ಥಾರ್ನ್. ದರ್ಜಿ ಅಂಗಿಗೆ ಅಳತೆ ತೆಗೆಯುವಂತೆ ಆತ ಆಕೆಯ ಮೈಕಟ್ಟಿನ ಅಳತೆ ತೆಗೆದು, ಹಗುರವಾದ 20 ಬೋರಿನ ಕೋವಿಗಳನ್ನು ಮಾಡಿಕೊಟ್ಟ.

ಓಕ್ಲಿಯ ಮೊದಲ ಕೋವಿಗೆ ಇಂಥ ಭಾಗ್ಯವಿರಲಿಲ್ಲ. 1860ರಲ್ಲಿ ಒಹಾಯೊ ರಾಜ್ಯದ ಬಡ ಕುಟುಂಬದಲ್ಲಿ ಹುಟ್ಟಿದ ಆಕೆ ಐದರ ಬಾಲೆಯಾಗಿದ್ದಾಗ ತಂದೆ ತೀರಿಕೊಂಡ. ಮನೆಯಲ್ಲಿದ್ದುದು ತಂದೆಯ ಹಳೆಯ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯಬೇಕು. ಅದೂ ದೊಡ್ಡವರ ಅಳತೆಯದು. ಎಂಟನೆಯ ವಯಸ್ಸಿನಲ್ಲಿ ಮೊದಲ ಈಡು ಹೊಡೆದೆನೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಹೊಡೆದ ಹಕ್ಕಿಗಳು ಗ್ರೀನ್‌ವಿಲ್ ಪೇಟೆಯ ಅಂಗಡಿಗೆ ಹೋಗುತ್ತಿದ್ದವು. ಆ ದುಡ್ಡಿನಿಂದಲೇ ತಾಯಿಯ ಜಮೀನಿನ ಅಡಮಾನ ತೀರಿತು. ಗುರಿ ತಪ್ಪಿದರೆ ಮದ್ದೂ ನಷ್ಟ, ಅಂದಿನ ಸಂಪಾದನೆಯೂ ನಷ್ಟ.

ಇಲ್ಲಿ ‘ಬೋರ್’ ಎಂಬ ಲೆಕ್ಕದ ಒಗಟನ್ನು ಬಿಡಿಸಿಕೊಳ್ಳಬೇಕು. ಒಂದು ಪೌಂಡ್ ಸೀಸದಿಂದ 12 ಸಮಗಾತ್ರದ ಗುಂಡು ಎರಕ ಹೊಯ್ದರೆ, ಅವುಗಳಲ್ಲಿ ಒಂದು ಸರಿಯಾಗಿ ಕೂರುವ ನಳಿಗೆ 12 ಬೋರ್. ಅದೇ ಸೀಸದಿಂದ 20 ಗುಂಡು ಮಾಡಿದರೆ ಗುಂಡು ಚಿಕ್ಕದು, ನಳಿಗೆಯೂ ಕಿರಿದು. ಆದ್ದರಿಂದ ಸಂಖ್ಯೆ ಏರಿದಂತೆ ಕೋವಿ ಸಣ್ಣದಾಗುತ್ತದೆ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಈ ಲೆಕ್ಕಕ್ಕೆ ಸೇರದ್ದು ‘410’. ಅದು ಅಂಗುಲದಲ್ಲಿ ಹೇಳಿದ ನೇರ ಅಳತೆ, 0.410.

ಚಿಕ್ಕ ದೇಹದವರಿಗೆ ಎಲ್ಲಕ್ಕಿಂತ ಚಿಕ್ಕ ಕೋವಿಯೇ ಲೇಸೆಂದು ಅನೇಕರು 410ಕ್ಕೆ ಕೈಹಾಕುತ್ತಾರೆ. ಅದು ಪಳಗಿದ ಕೈಗಷ್ಟೇ ಒಗ್ಗುವಂಥದು. 12 ಬೋರಿನ ತೋಟಾದಲ್ಲಿ ಸುಮಾರು 30 ಗ್ರಾಂ ಚರೆ ಇದ್ದರೆ ಇದರಲ್ಲಿರುವುದು 14ರಿಂದ 19 ಗ್ರಾಂ. ಚರೆಯ ಹರಹು ತೆಳುವಾಗಿ, ಹಾರುವ ಹಕ್ಕಿ ಸಂದಿಯಲ್ಲಿ ನುಸುಳುತ್ತದೆ. ಇಲ್ಲವೇ ಗಾಯಗೊಂಡು ಪೊದೆ ಸೇರುತ್ತದೆ. ಹಾಗೆಂದು ತೀರ ಹಗುರವಾದ 12 ಬೋರ್ ಕೊಂಡರೂ ಕಷ್ಟವೇ. ತೋಟಾ ಅದೇ ಆಗಿದ್ದು ಕೋವಿ ಹಗುರವಾದಷ್ಟೂ ಒದೆತ ಹೆಚ್ಚು. ಎರಡು ದಿನ ಭುಜ ನೊಂದರೆ ಸಾಕು, ಹೊಸಬರು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಲು ಕಲಿಯುತ್ತಾರೆ. ಮಿತವಾದ ತೋಟಾ ಹಾಕಿದ 20 ಬೋರು ಈ ಎರಡು ತೊಂದರೆಗಳ ನಡುವಿನ ದಾರಿ.

ಆದರೆ ಬೋರಿಗಿಂತ ಮುಖ್ಯವಾದದ್ದು ಭುಜಕ್ಕೆ ಆನಿಸುವ ಮರದ ಉದ್ದ. ಚರೆ ಕೋವಿಗೆ ಸಾಮಾನ್ಯವಾಗಿ ಹಿಂದಿನ ಗುರಿಕಟ್ಟು ಇರುವುದಿಲ್ಲ. ಹೊಡೆಯುವವರ ಕಣ್ಣೇ ಆ ಕೆಲಸ ಮಾಡಬೇಕು. ಮರ ಉದ್ದವಾದರೆ ಎತ್ತುವಾಗ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕೆನ್ನೆ ಸರಿಯಾಗಿ ಕೂರದೆ ಕಣ್ಣು ಮೇಲೆದ್ದರೆ ಈಡೂ ಮೇಲೆ ಹೋಗುತ್ತದೆ. ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದು ನೋಡಬೇಕು. ನಳಿಗೆಯ ತುದಿಯ ಮಣಿ ಕಣ್ಣಿನ ನೇರಕ್ಕೇ ಇದ್ದರೆ ಅಳತೆ ಹೊಂದಿತೆಂದು ಅರ್ಥ. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಮೋಜಿನ ಶಿಕಾರಿಗೆ ಅವಕಾಶವಿಲ್ಲ. ಇಲ್ಲಿ ಈ ಅಳತೆಯ ಮಾತು ನಡೆಯುವುದು ತಟ್ಟೆಗಳನ್ನು ಹಾರಿಸುವ ಟ್ರ್ಯಾಪ್, ಸ್ಕೀಟ್ ಮೈದಾನಗಳಲ್ಲಿ.)

ಓಕ್ಲಿ ಮುಂದೆ ಸಾವಿರಾರು ಹೆಂಗಸರಿಗೆ ಗುರಿ ಹೊಡೆಯುವುದನ್ನು ಕಲಿಸಿದಳು. 1898ರಲ್ಲಿ ಸ್ಪೇನ್ ಜತೆ ಯುದ್ಧ ಸನ್ನಿಹಿತವಾದಾಗ ಅಧ್ಯಕ್ಷ ಮೆಕಿನ್ಲಿಗೆ ಪತ್ರ ಬರೆದು, ಐವತ್ತು ಮಂದಿ ಗುರಿಕಾರ್ತಿಯರ ಪಡೆಯನ್ನು ಕೊಡಲು ಮುಂದಾದಳು. ಸರ್ಕಾರ ಅದನ್ನು ಒಪ್ಪಲಿಲ್ಲ. ಆ ಐವತ್ತು ಮಂದಿಯೂ ತಂತಮ್ಮ ಸ್ವಂತ ಕೋವಿಗಳನ್ನೇ ತರುತ್ತಾರೆಂದು ಪತ್ರದಲ್ಲಿ ಬರೆದಿತ್ತು.