ಭಿನ್ನ ವ್ಯವಸ್ಥೆಗಳ ನಡುವೆ ಕನ್ನಡದ ಕಡತ: ಜಾಲಗಳಲ್ಲಿ ಕಡತ ಮತ್ತು ಪ್ರಿಂಟರುಗಳ ಹಂಚಿಕೆಯ ಇತಿಹಾಸ

1. ಪ್ರಸ್ತಾವನೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಒಂದೇ ಘಟಕದಲ್ಲಿ ಅಂತರ್ಗತವಾಗಿವೆ. ಶಿರಾ ತಾಲ್ಲೂಕಿನ ಮದಲೂರಿನಂಥ ಗ್ರಾಮವೊಂದರಲ್ಲಿ ಸಿದ್ಧವಾದ ಕನ್ನಡದ ಕಡತವು ತಾಲ್ಲೂಕು ಕಚೇರಿಗೂ, ಅಲ್ಲಿಂದ ಜಿಲ್ಲಾ ಕಚೇರಿಗೂ, ಅಲ್ಲಿಂದ ರಾಜಧಾನಿಯ ಸರ್ವರ್ ಯಂತ್ರಕ್ಕೂ ಸಂಚರಿಸುವಾಗ ಒಂದೆಡೆ ವಿಂಡೋಸನ್ನೂ, ಒಂದೆಡೆ ಲಿನಕ್ಸಿನ ಒಂದು ರೂಪವಾದ ಉಬುಂಟುವನ್ನೂ, ಮತ್ತೊಂದೆಡೆ ಮೊಬೈಲಿನ ಆಂಡ್ರಾಯ್ಡನ್ನೂ ಹಾದುಹೋಗುವ ಸಂಭವವುಂಟು; ಹಾಗೆ ಹಾದುಹೋಗುವಾಗ ಅದರ ಹೆಸರೂ, ಒಳಗಣ ಅಕ್ಷರಗಳೂ, ಕಡೆಗೆ ಪ್ರಿಂಟರಿನಿಂದ ಹೊರಬೀಳುವ ಹಾಳೆಯೂ ಅವಿಕಲವಾಗಿ ಉಳಿದಾವೆಂಬ ಭರವಸೆ ಇಂದು ನಮಗಿದೆಯಾದರೆ, ಅದು ನಾಲ್ಕು ದಶಕಗಳ ಪರಿಶ್ರಮದಿಂದ ಸಂಪಾದಿತವಾದುದೆಂಬುದನ್ನು ಮರೆಯಲಾಗದು.

ಈ ಪರಿಶ್ರಮದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಯಂತ್ರ ಯಂತ್ರಗಳ ಸಂವಾದದ ನಿಯಮಗಳನ್ನಷ್ಟೇ ಗಣನೆಗೆ ತೆಗೆದುಕೊಂಡಿದ್ದಾರೆ. ಕನ್ನಡದ ದೃಷ್ಟಿಯಿಂದ ನೋಡುವವನಿಗೆ ಅಷ್ಟು ಸಾಲದು. ಏಕೆಂದರೆ ಕಡತವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಸಮಸ್ಯೆ ಪರಿಹಾರವಾದ ಎಷ್ಟೋ ಕಾಲದ ಮೇಲೂ ಆ ಕಡತದೊಳಗಿನ ಕನ್ನಡವನ್ನು ಓದುವ ಸಮಸ್ಯೆ ಹಾಗೆಯೇ ಉಳಿದಿತ್ತು. ಕನ್ನಡದ ಮಟ್ಟಿಗೆ ಪ್ರಿಂಟರಿನ ಹಂಚಿಕೆ ಮೊದಲು ಸಿದ್ಧಿಸಿತು, ಕಡತದ ಹಂಚಿಕೆ ಅನಂತರ ಸಿದ್ಧಿಸಿತು ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ.

2. ಸಂವಾದ ನಿಯಮಗಳ ಉದಯ

1980ರ ದಶಕದ ಆದಿಭಾಗದಲ್ಲಿ ಕಚೇರಿಗಳಿಗೆ ವೈಯಕ್ತಿಕ ಕಂಪ್ಯೂಟರುಗಳು ಬರತೊಡಗಿದಾಗ, ಬೆಲೆಬಾಳುವ ಡಿಸ್ಕನ್ನೂ ಪ್ರಿಂಟರನ್ನೂ ಪ್ರತಿಯೊಂದು ಮೇಜಿಗೂ ಒದಗಿಸುವುದು ದುಸ್ಸಾಧ್ಯವಾದುದರಿಂದ, ಅವನ್ನು ಹಲವರು ಹಂಚಿಕೊಳ್ಳುವ ಉಪಾಯವನ್ನು ಪ್ರತಿಯೊಂದು ಸಂಸ್ಥೆಯೂ ತನ್ನ ತನ್ನ ರೀತಿಯಲ್ಲಿ ಹುಡುಕಿತು. ಐ.ಬಿ.ಎಂ. ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಎಂಬವರು ರೂಪಿಸಿದ ಎಸ್.ಎಂ.ಬಿ. ಎಂಬ ಪ್ರೊಟೊಕಾಲನ್ನು ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡು ಬೆಳೆಸಿತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಯುನಿಕ್ಸ್ ಯಂತ್ರಗಳಿಗಾಗಿ ಎನ್.ಎಫ್.ಎಸ್. ಎಂಬುದನ್ನು ಹೊರತಂದಿತು, ಆಪಲ್ ಸಂಸ್ಥೆಗೆ ಆಪಲ್‌ಟಾಕ್ ಇತ್ತು, ನಾವೆಲ್ ಸಂಸ್ಥೆಯ ನೆಟ್‌ವೇರ್ ತನ್ನದೇ ಆದ ಇನ್ನೊಂದು ಪದ್ಧತಿಯನ್ನು ಅನುಸರಿಸಿತು. ಹೀಗೆ ಹಂಚಿಕೆಯ ಸೌಲಭ್ಯ ಎಲ್ಲರಿಗೂ ದೊರೆತರೂ, ಒಂದು ಕುಲದ ಯಂತ್ರ ಇನ್ನೊಂದು ಕುಲದ ಯಂತ್ರದೊಡನೆ ವ್ಯವಹರಿಸುವ ಮಾರ್ಗ ಮಾತ್ರ ತೆರೆಯಲಿಲ್ಲ.

ಈ ಪದ್ಧತಿಗಳೊಳಗೆ ಒಂದು ಮುಖ್ಯ ಭೇದವನ್ನು ಗುರುತಿಸಬೇಕು. ಎನ್.ಎಫ್.ಎಸ್.ನ ನಿಯಮಗಳು 1989ರಲ್ಲಿ ಸಾರ್ವಜನಿಕ ದಸ್ತಾವೇಜಾಗಿ ಪ್ರಕಟವಾದುವು. ಬೇಕಾದವರು ಅವನ್ನು ಓದಿ ತಮ್ಮ ಯಂತ್ರಕ್ಕೆ ಅಳವಡಿಸಿಕೊಳ್ಳಬಹುದಾಗಿತ್ತು. ಎಸ್.ಎಂ.ಬಿ.ಯಾದರೋ ಅತ್ಯಂತ ವ್ಯಾಪಕವಾಗಿ ಬಳಕೆಗೆ ಬಂದಿದ್ದರೂ, ಅದರ ಹೊಸ ಹೊಸ ಅಂಶಗಳು ಬಹುಮಟ್ಟಿಗೆ ಸಂಸ್ಥೆಯೊಳಗೇ ಉಳಿದುವು. ಎಲ್ಲರೂ ಬಳಸುವ ಮಾರ್ಗದ ನಕ್ಷೆ ಒಬ್ಬರ ಕೈಯಲ್ಲಿ ಮಾತ್ರ ಇರುವ ಈ ಸ್ಥಿತಿಯೇ ಮುಂದಿನ ಎರಡು ದಶಕಗಳ ಘರ್ಷಣೆಗೆ ಕಾರಣವಾಯಿತು.

3. ಸಾಂಬಾ

1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್, ತನ್ನ ಕಂಪ್ಯೂಟರಿನಲ್ಲಿದ್ದ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯ ಪಾತ್‌ವರ್ಕ್ಸ್ ತಂತ್ರಾಂಶಕ್ಕೆ ಯುನಿಕ್ಸ್ ಯಂತ್ರದ ಡಿಸ್ಕು ಗೋಚರಿಸುವಂತೆ ಮಾಡಬೇಕೆಂದು ಸಂಕಲ್ಪಿಸಿ, ಜಾಲದಲ್ಲಿ ಹರಿದಾಡುತ್ತಿದ್ದ ಮಾಹಿತಿಯ ಪೊಟ್ಟಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ, ಪ್ರಶ್ನೆಗೆ ಎಂತಹ ಉತ್ತರ ಬರುತ್ತದೆಂಬುದನ್ನು ಗಮನಿಸಿ, ಅಂತಹುದೇ ಉತ್ತರವನ್ನೀಯುವ ಸರ್ವರ್ ತಂತ್ರಾಂಶವೊಂದನ್ನು ರಚಿಸಿದನು. ತಾನು ಅನುಕರಿಸುತ್ತಿದ್ದ ನಿಯಮಾವಳಿ ಎಸ್.ಎಂ.ಬಿ. ಎಂಬುದು ಆಗ ಅವನಿಗೆ ತಿಳಿದಿರಲಿಲ್ಲ. 1992ರ ಜನವರಿಯಲ್ಲಿ ಪ್ರಕಟವಾದ ಈ ಕೃತಿ ಸುಮಾರು ಎರಡು ವರ್ಷ ಹಾಗೆಯೇ ಬಿದ್ದಿದ್ದು, ಆಮೇಲೆ ಪುನಃ ಕೈಗೆತ್ತಿಕೊಳ್ಳಲ್ಪಟ್ಟು, 1994ರಲ್ಲಿ ಸಾಂಬಾ ಎಂಬ ಹೆಸರನ್ನು ಪಡೆಯಿತು. ಜೆರೆಮಿ ಆಲಿಸನ್ ಮೊದಲಾದವರು ಬಂದು ಸೇರಿದುದರಿಂದಲೂ, ಮೂಲಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಪರವಾನಗಿಯಲ್ಲಿ ಹಂಚಿದುದರಿಂದಲೂ, ಲಿನಕ್ಸ್ ಯಂತ್ರವೊಂದು ವಿಂಡೋಸ್ ಜಾಲದಲ್ಲಿ ವಿಂಡೋಸ್ ಸರ್ವರಿನಂತೆಯೇ ವ್ಯವಹರಿಸುವುದು ಸಾಧ್ಯವಾಯಿತು.

ಗುಪ್ತವಾಗಿದ್ದ ನಿಯಮಗಳ ಪ್ರಶ್ನೆ ಕಡೆಗೆ ನ್ಯಾಯಾಲಯದವರೆಗೂ ಹೋಯಿತು. ಐರೋಪ್ಯ ಆಯೋಗವು 2004ರ ಮಾರ್ಚಿನಲ್ಲಿ ಮೈಕ್ರೋಸಾಫ್ಟಿಗೆ 49 ಕೋಟಿ 70 ಲಕ್ಷ ಯೂರೋಗಳಿಗೂ ಮೇಲ್ಪಟ್ಟ ದಂಡ ವಿಧಿಸಿ, ಪರಸ್ಪರ ವ್ಯವಹಾರಕ್ಕೆ ಆವಶ್ಯಕವಾದ ಮಾಹಿತಿಯನ್ನು ಇತರರಿಗೂ ಒದಗಿಸತಕ್ಕದ್ದೆಂದು ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಬಾ ತಂಡಕ್ಕೆ ಆ ದಸ್ತಾವೇಜುಗಳು ದೊರೆಯುವ ಒಪ್ಪಂದವಾಯಿತು. 2011ರಲ್ಲಿ ಮೈಕ್ರೋಸಾಫ್ಟಿನವರೇ ಸಾಂಬಾಕ್ಕೆ ಸಂಕೇತಭಾಗವನ್ನು ಕೊಡುಗೆಯಾಗಿತ್ತುದನ್ನು ನೆನೆದರೆ, ವಿರೋಧವು ಸಹಕಾರದಲ್ಲಿ ಪರ್ಯವಸಾನವಾದುದು ಸ್ಪಷ್ಟವಾಗುತ್ತದೆ.

4. ಕರ್ನಾಟಕದ ಸ್ಥಿತಿ

ಭಿನ್ನ ಯಂತ್ರಗಳನ್ನು ಒಂದೇ ಜಾಲದಲ್ಲಿ ಕೂಡಿಸುವ ಅನುಭವ ಕರ್ನಾಟಕಕ್ಕೆ ಮೊದಲು ಬಂದುದು ವಿದ್ಯಾಸಂಸ್ಥೆಗಳ ಮೂಲಕ. 1986ರಲ್ಲಿ ಆರಂಭವಾದ ಎರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನ ಜಾಲದ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1990ರಲ್ಲಿ ಅಲ್ಲಿಯೇ ಸ್ಥಾಪಿತವಾದ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನ ಕೇಂದ್ರವು ಬೇರೆ ಬೇರೆ ಕಾರ್ಯಗಳಿಗೆ ಬೇರೆ ಬೇರೆ ಯಂತ್ರಗಳನ್ನು ನಿಯೋಜಿಸಿ, ಅವನ್ನು ಜಾಲದಿಂದ ಬೆಸೆಯುವ ಪದ್ಧತಿಯ ಮೇಲೆ ರಚಿತವಾಯಿತು. ಬ್ಯಾಂಕುಗಳಲ್ಲಿ, 1984ರ ರಂಗರಾಜನ್ ಸಮಿತಿಯ ವರದಿಯ ತರುವಾಯ ಶಾಖೆಗಳಿಗೆ ಕಂಪ್ಯೂಟರುಗಳು ಬಂದಾಗ, ಯುನಿಕ್ಸ್ ಮತ್ತು ನೆಟ್‌ವೇರ್ ಎರಡೂ ಬಳಕೆಗೆ ಬಂದುವು. ಈ ಎಲ್ಲ ಕಡೆಗಳಲ್ಲೂ ವ್ಯವಹಾರದ ಭಾಷೆ ಬಹುತೇಕ ಇಂಗ್ಲಿಷೇ ಆಗಿದ್ದುದರಿಂದ ಅಕ್ಷರದ ಪ್ರಶ್ನೆ ಏಳಲಿಲ್ಲ.

ಗ್ರಾಮಾಂತರದ ಕನ್ನಡ ಕಡತ ಜಾಲದ ಸರಹದ್ದಿಗೆ ಬಂದುದು ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಭೂಮಿ ಯೋಜನೆಯೊಡನೆ. ಅದಕ್ಕೆ ಮುನ್ನ ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಸ್ವಾಧೀನದಲ್ಲಿದ್ದುವು. ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿ, ಮದಲೂರಿನ ರೈತನು ಶಿರಾದ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತು ಅಚ್ಚಾದ ಪಹಣಿಯನ್ನು ಪಡೆಯುವಂತಾಯಿತು. ಆ ವ್ಯವಸ್ಥೆಯು ವಿಂಡೋಸನ್ನೂ, ಕನ್ನಡಕ್ಕಾಗಿ ಸಿ-ಡ್ಯಾಕ್ ಸಂಸ್ಥೆಯ ಲಿಪಿ ತಂತ್ರಾಂಶವನ್ನೂ ಅವಲಂಬಿಸಿತ್ತು. ಎಲ್ಲ ತಾಲ್ಲೂಕುಗಳಲ್ಲೂ ಒಂದೇ ಬಗೆಯ ಯಂತ್ರ, ಒಂದೇ ಬಗೆಯ ತಂತ್ರಾಂಶ ಇದ್ದುದರಿಂದ ಭಿನ್ನತೆಯ ತೊಡಕು ಅಲ್ಲಿ ಎದುರಾಗಲಿಲ್ಲ. ಶಾಲೆಗಳ ಪಾಡು ಹಾಗಲ್ಲ. 2011ರ ಆಸುಪಾಸಿನಲ್ಲಿ ಶಿಕ್ಷಣ ಇಲಾಖೆಯು ಐ.ಟಿ. ಫಾರ್ ಚೇಂಜ್ ಸಂಸ್ಥೆಯ ಸಹಯೋಗದಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವನ್ನು ಪರಿಚಯಿಸಿತಾಗಿ, ವಿಂಡೋಸಿನಲ್ಲಿ ಬರೆದುದನ್ನು ಲಿನಕ್ಸಿನಲ್ಲಿ ತೆರೆಯುವ ಪ್ರಶ್ನೆ ನಿತ್ಯದ ಪ್ರಶ್ನೆಯಾಯಿತು.

5. ಮುದ್ರಣ ಮೊದಲು

ಪ್ರಿಂಟರಿನ ವಿಷಯದಲ್ಲಿ ಕನ್ನಡದ ಇತಿಹಾಸ ವಿಚಿತ್ರವಾದುದು. ಆರಂಭದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳೊಳಗೆ ರೋಮನ್ ಅಕ್ಷರಗಳ ಅಚ್ಚು ಮಾತ್ರ ಅಡಕವಾಗಿತ್ತು; ಕನ್ನಡವನ್ನು ಅಚ್ಚು ಹಾಕಬೇಕಾದರೆ ಅಕ್ಷರವನ್ನು ಚಿತ್ರವಾಗಿ, ಚುಕ್ಕೆ ಚುಕ್ಕೆಯಾಗಿ ಕಳುಹಿಸಬೇಕಾಗುತ್ತಿತ್ತು. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಸಿ-ಡ್ಯಾಕಿನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಡಾಸ್ ಮತ್ತು ಯುನಿಕ್ಸ್ ಎರಡರಲ್ಲೂ ಭಾರತೀಯ ಲಿಪಿಗಳಿಗೆ ಈ ಸೌಲಭ್ಯವನ್ನು ಕಲ್ಪಿಸಿತು. 1984ರ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೂ, 1985ರಲ್ಲಿ ಅದನ್ನು ಧರಿಸಿ ಬಂದ ಆಪಲ್ ಲೇಸರ್‌ರೈಟರೂ ಇಡೀ ಪುಟವನ್ನೇ ರೇಖೆಗಳ ವರ್ಣನೆಯಾಗಿ ಕಳುಹಿಸುವ ಮಾರ್ಗವನ್ನು ತೋರಿದುವು.

ವಿಂಡೋಸ್ ಯಂತ್ರವೊಂದು ಸಾಂಬಾ ಸರ್ವರಿನ ಮೂಲಕ ಪ್ರಿಂಟರಿಗೆ ಕಾಗದ ಕಳುಹಿಸುವ ಸಾಮಾನ್ಯ ಕ್ರಮದಲ್ಲಿ, ಪುಟದ ರಚನೆಯೆಲ್ಲವೂ ವಿಂಡೋಸಿನೊಳಗಿನ ಡ್ರೈವರಿನಲ್ಲಿಯೇ ಮುಗಿದಿರುತ್ತದೆ. ನಡುವಣ ಲಿನಕ್ಸ್ ಅದನ್ನು ಬಿಚ್ಚಿ ನೋಡದೆ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಆದುದರಿಂದ ಲಿನಕ್ಸಿಗೆ ಕನ್ನಡದ ಒಂದಕ್ಷರವೂ ತಿಳಿಯದಿದ್ದ ಕಾಲದಲ್ಲಿಯೂ ಅದರ ಮೂಲಕ ಕನ್ನಡದ ಸುತ್ತೋಲೆ ಶುದ್ಧವಾಗಿ ಅಚ್ಚಾಗಬಹುದಾಗಿತ್ತು. ಅದೇ ಸುತ್ತೋಲೆಯ ಕಡತವನ್ನು ಅದೇ ಲಿನಕ್ಸ್ ಯಂತ್ರದಲ್ಲಿ ತೆರೆದರೆ ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಮೈಕೆಲ್ ಸ್ವೀಟ್ ರಚಿಸಿ 1999ರಲ್ಲಿ ಹೊರತಂದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯನ್ನು ಆಪಲ್ 2002ರಲ್ಲಿ ಸ್ವೀಕರಿಸಿದ ಮೇಲೆ ಲಿನಕ್ಸಿಗೂ ಮ್ಯಾಕಿಗೂ ಮುದ್ರಣದ ತಳಹದಿ ಒಂದೇ ಆಯಿತು, ಐ.ಪಿ.ಪಿ. ಎಂಬ ಬಹಿರಂಗ ನಿಯಮಾವಳಿಯ ಬಲದಿಂದ ಇಂದು ಮೊಬೈಲಿನಿಂದಲೂ ಡ್ರೈವರಿನ ಹಂಗಿಲ್ಲದೆ ಅಚ್ಚು ತೆಗೆಯಬಹುದಾಗಿದೆ.

6. ಅಕ್ಷರ ಮತ್ತು ಹೆಸರು

ಕಡತ ತೆರೆಯದಿದ್ದುದಕ್ಕೆ ಕಾರಣ ಜಾಲದಲ್ಲಿರಲಿಲ್ಲ, ಅಕ್ಷರದ ಸಂಕೇತದಲ್ಲಿತ್ತು. 1998ರಲ್ಲಿ ಬಂದ ಬರಹ ತಂತ್ರಾಂಶವೂ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಕನ್ನಡಿಗರಿಗೆ ಮಾಡಿದ ಉಪಕಾರ ಅಪಾರವಾದುದು. ಆದರೆ ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದುವಾಗಿ, ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. 1991ರಲ್ಲಿ ಭಾರತೀಯ ಮಾನಕವಾಗಿ ಇಸ್ಕಿ ಎಂಬ ಅಕ್ಷರಸಂಕೇತವೂ, ಅದೇ ವರ್ಷ ಕನ್ನಡವನ್ನೊಳಗೊಂಡ ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತದ ಮೊದಲ ಆವೃತ್ತಿಯೂ ಪ್ರಕಟವಾಗಿದ್ದರೂ, ವಿಂಡೋಸಿಗೆ ಕನ್ನಡ ಬಂದುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟಿನೊಡನೆ. ಸಾಂಬಾ ಜಾಲದ ಮೇಲೆ ಯುನಿಕೋಡಿನ ಹೆಸರುಗಳನ್ನು ಸಾಗಿಸತೊಡಗಿದುದು 2003ರ ಸೆಪ್ಟೆಂಬರಿನ 3.0 ಆವೃತ್ತಿಯಿಂದ. ಅದಕ್ಕೆ ಮುಂಚಿನ, ಕೋಡ್ ಪೇಜುಗಳೆಂಬ ಸಂಕೇತಪಟ್ಟಿಗಳ ಪದ್ಧತಿಯಲ್ಲಿ ಕನ್ನಡಕ್ಕೆ ತಾವೇ ಇರಲಿಲ್ಲ. ಆದಕಾರಣ ಕನ್ನಡದ ಹೆಸರುಳ್ಳ ಕಡತ ವಿಂಡೋಸಿನಿಂದ ಲಿನಕ್ಸಿಗೆ ಅವಿಕೃತವಾಗಿ ದಾಟುವ ಕಾಲ ಆರಂಭವಾದುದು 2003ರ ತರುವಾಯವೇ ಎಂದು ನಿರ್ಧರಿಸಬಹುದು.

ಇಷ್ಟಾದರೂ ಕೆಲವು ಸೂಕ್ಷ್ಮ ಭೇದಗಳು ಉಳಿದುಕೊಂಡುವು. ‘ಮದಲೂರು’ ಎಂಬ ಹೆಸರಿನಲ್ಲಿ ನಾಲ್ಕು ಅಕ್ಷರಗಳಿದ್ದರೂ ಸ್ವರಚಿಹ್ನೆಗಳು ಸೇರಿ ಯುನಿಕೋಡಿನ ಆರು ಸಂಕೇತಗಳಾಗುತ್ತವೆ. ವಿಂಡೋಸಿನ ಲೆಕ್ಕದಲ್ಲಿ ಅವು 12 ಬೈಟು, ಲಿನಕ್ಸಿನಲ್ಲಿ ರೂಢಿಯಲ್ಲಿರುವ ಯು.ಟಿ.ಎಫ್.-8 ಕ್ರಮದಲ್ಲಿ 18 ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರವೂ ಅಷ್ಟೇ ಜಾಗವನ್ನು ಆಕ್ರಮಿಸುತ್ತದೆ. ವಿಂಡೋಸಿನಲ್ಲಿ ಕಡತದ ಹೆಸರು 255 ಸಂಕೇತಗಳವರೆಗೂ ಬೆಳೆಯಬಹುದು, ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಗಳಲ್ಲಿ ಮಿತಿಯಿರುವುದು 255 ಬೈಟಿಗೆ. ಎಂದರೆ ಕನ್ನಡಕ್ಕೆ ದೊರೆಯುವುದು 85 ಸಂಕೇತಗಳು ಮಾತ್ರ. ಸರ್ಕಾರಿ ಆದೇಶದ ವಿಷಯವನ್ನೆಲ್ಲ ಹೆಸರಿನಲ್ಲಿಯೇ ತುಂಬುವ ನಮ್ಮ ಕಚೇರಿಗಳ ಅಭ್ಯಾಸಕ್ಕೆ ಈ ಮಿತಿ ಬೇಗನೆ ಅಡ್ಡಬರುತ್ತದೆ.

ಇನ್ನೊಂದು ಭೇದ ಮ್ಯಾಕಿನದು. 1998ರಿಂದ ಬಳಕೆಯಲ್ಲಿದ್ದ ಅದರ ಡಿಸ್ಕ್ ವ್ಯವಸ್ಥೆಯು ಸಂಯುಕ್ತ ಚಿಹ್ನೆಗಳನ್ನು ಬಿಡಿಸಿ ಶೇಖರಿಸುತ್ತಿತ್ತು. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಈ ಪರೀಕ್ಷೆಗೆ ಒಡ್ಡಿದರೆ ಮಧುಗಿರಿ, ಶಿರಾ, ಪಾವಗಡಗಳು ಬದಲಾಗುವುದಿಲ್ಲ. ಕೊರಟಗೆರೆಯ ಮೊದಲಕ್ಷರದಲ್ಲಿರುವ ಒಕಾರದ ಚಿಹ್ನೆ ಮಾತ್ರ ಎರಡಾಗಿ ಒಡೆದು, ಎಂಟು ಸಂಕೇತಗಳ ಹೆಸರು ಒಂಬತ್ತಾಗುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಬೇರೆ ಕಡತಗಳು. 2017ರ ಹೊಸ ವ್ಯವಸ್ಥೆಯಲ್ಲಿ ಆಪಲ್ ಈ ಪದ್ಧತಿಯನ್ನು ಸಡಿಲಿಸಿತು. ಇದಕ್ಕೆ ಪ್ರತಿಯಾಗಿ ಕನ್ನಡಕ್ಕೆ ಒಂದು ಸೌಕರ್ಯವೂ ಸ್ವಭಾವತಃ ಲಭಿಸಿದೆ: ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಎಣಿಸಿ ವಿಂಡೋಸ್ ಎಣಿಸದಿರುವುದರಿಂದ ಇಂಗ್ಲಿಷಿನ ಹೆಸರುಗಳಿಗೆ ಒದಗುವ ಗೊಂದಲ ಆ ಭೇದವೇ ಇಲ್ಲದ ನಮ್ಮ ಲಿಪಿಯನ್ನು ಸೋಂಕುವುದಿಲ್ಲ.

7. ಉಪಸಂಹಾರ

ಹಂಚಿಕೆಯ ಬಾಗಿಲು ತೆರೆದಿದ್ದಲ್ಲಿ ಅಪಾಯವೂ ಪ್ರವೇಶಿಸುತ್ತದೆಂಬುದಕ್ಕೆ 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶದ ಹಾವಳಿ ನಿದರ್ಶನ. ಅದು ಹರಡಿದುದು ಎಸ್.ಎಂ.ಬಿ.ಯ ಹಳೆಯ ಮೊದಲ ಆವೃತ್ತಿಯ ದೋಷದ ಮೂಲಕ. ಅದನ್ನು ಮುಚ್ಚುವ ತೇಪೆ ಎರಡು ತಿಂಗಳ ಮೊದಲೇ ಪ್ರಕಟವಾಗಿದ್ದರೂ ಅಳವಡಿಸಿಕೊಳ್ಳದವರು ನಷ್ಟಕ್ಕೆ ಗುರಿಯಾದರು. ಅನಂತರದ ವಿಂಡೋಸುಗಳಲ್ಲಿ ಆ ಆವೃತ್ತಿಯನ್ನು ಮೊದಲೇ ನಿಲ್ಲಿಸಿರುವುದರಿಂದ, ಹಳೆಯ ಸ್ಕ್ಯಾನರು, ಹಳೆಯ ಡಿಸ್ಕ್ ಪೆಟ್ಟಿಗೆಗಳು ಜಾಲದಲ್ಲಿ ಕಾಣದಾಗುವುದುಂಟು. ಆಗ ಹಳೆಯ ಆವೃತ್ತಿಯನ್ನು ಮರಳಿ ತೆರೆಯುವುದು ಸುಲಭವಾದರೂ ಯುಕ್ತವಲ್ಲ, ಉಪಕರಣವನ್ನು ಬದಲಿಸುವುದೇ ಲೇಸು.

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಎಲ್ಲರೂ ಒಂದೇ ಬಗೆಯ ಯಂತ್ರವನ್ನು ಕೊಂಡುದರಿಂದ ಭಿನ್ನ ವ್ಯವಸ್ಥೆಗಳ ಸಾಮರಸ್ಯ ಲಭಿಸಲಿಲ್ಲ. ನಿಯಮಗಳು ಬಹಿರಂಗವಾದುದರಿಂದ ಕಡತ ಸಾಗಿತು, ಅಕ್ಷರದ ಸಂಕೇತ ಸರ್ವಸಮ್ಮತವಾದುದರಿಂದ ಅದು ಓದಲ್ಪಟ್ಟಿತು. ಈ ಎರಡನೆಯ ಕಾರ್ಯ ನಮ್ಮಲ್ಲಿ ಇನ್ನೂ ಪೂರ್ಣಗೊಂಡಿಲ್ಲ. ಹಳೆಯ ನುಡಿ ಮತ್ತು ಬರಹದ ಫಾಂಟುಗಳಲ್ಲಿ ಬೆರಳಚ್ಚಾದ ಶಾಲಾ ದಾಖಲೆ, ಸಭಾ ನಡವಳಿ, ಸ್ಮರಣ ಸಂಚಿಕೆಗಳು ಊರೂರಿನ ಕಚೇರಿಗಳಲ್ಲಿಯೂ ಡಿ.ಟಿ.ಪಿ. ಕೇಂದ್ರಗಳಲ್ಲಿಯೂ ಉಳಿದಿವೆ, ಅವನ್ನು ಅಚ್ಚು ಹಾಕಬಹುದು, ಹುಡುಕಲಾಗದು, ಬೇರೆ ವ್ಯವಸ್ಥೆಯಲ್ಲಿ ತಿದ್ದಲಾಗದು. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತಿರುವಾಗ, ಅಂಥ ಕಡತಗಳು ತಮ್ಮ ಬಳಿಯಲ್ಲಿರುವ ಶಿಕ್ಷಕರೂ ಪಂಚಾಯತಿಯವರೂ ಅವು ಇರುವ ಡಿಸ್ಕುಗಳು ಕೆಡುವ ಮೊದಲೇ ಈ ಕೆಲಸವನ್ನು ಕೈಗೊಳ್ಳಬೇಕಾಗಿದೆ.