ಬೊಂಬಾಯಿಯ ಮಾವು, ಮಯಾಮಿಯ ಗೊರಟು

ಮೇ ತಿಂಗಳು ಬಂತೆಂದರೆ ನಮ್ಮ ಮುಂಬಯಿಯ ಮನೆಗಳ ಕಸದ ಡಬ್ಬಿ ಯಾಕೆ ಅಷ್ಟು ಭಾರವಾಗುತ್ತದೆ, ಹೇಳಿ ನೋಡೋಣ? ಮಾವಿನ ಗೊರಟಿನಿಂದ! ನಮ್ಮ ಕಡೆ ಗೊರಟು ಅಂತೇವೆ, ಮೈಸೂರು ಕಡೆಯವರು ಓಟೆ ಅಂತಾರೆ. ಹಾಪುಸ್ ಪೇಟಿಗೆ ಸಾವಿರಗಟ್ಟಲೆ ಎಣಿಸಿ ಕೊಡುವ ನಾವು, ಹಣ್ಣು ತಿಂದ ಮೇಲೆ ಗೊರಟನ್ನು ಚೀಪಿ ಬಿಸಾಡಿ ಕೈ ತೊಳೆದುಬಿಡುತ್ತೇವೆ.

ಬಿಸಾಡುವ ಮೊದಲು ಅದರ ಇತಿಹಾಸ ಸ್ವಲ್ಪ ಕೇಳಿ. ನಾನು ಬಿ.ಕಾಂ. ಓದಿ ಬ್ಯಾಂಕ್ ಸೇರಿದವನು, ಸಸ್ಯಶಾಸ್ತ್ರದ ಗಂಧವಿಲ್ಲ. ಆದರೆ ಯಾವ ಖಾತೆಯಿಂದ ಯಾವ ಖಾತೆಗೆ ಏನು ಹೋಯಿತು ಎಂದು ಹುಡುಕುತ್ತಾ ಹೋಗುವ ಚಟ ಮಾತ್ರ ಬಿಟ್ಟಿಲ್ಲ.

ಮೊದಲು ಒಂದು ಮೂಲ ಸಂಗತಿ. ಹಾಪುಸ್ ಹಣ್ಣಿನ ಗೊರಟು ನೆಟ್ಟರೆ ಹಾಪುಸ್ ಮರ ಬರುವುದಿಲ್ಲ. ಮಾವು ಬಂದೀತು, ಆದರೆ ಅದೇ ಹಾಪುಸ್ ಅಲ್ಲ. ಗೊರಟಿನ ತಾಯಿ ಯಾರೆಂದು ಗೊತ್ತು. ತಂದೆ ಯಾರು ಎನ್ನುವುದು ಯಾವ ಮರದ ಪರಾಗವನ್ನು ನೊಣವೋ ದುಂಬಿಯೋ ಹೊತ್ತು ತಂದಿತು ಎನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಒಂದೇ ಮರದ ನೂರು ಗೊರಟು ನೆಟ್ಟರೆ ನೂರು ಬಗೆಯ ಮರ! ತದ್ರೂಪ ಬೇಕೆಂದರೆ ಕಸಿಯೇ ಕಟ್ಟಬೇಕು. ಗೋವಾದಲ್ಲಿ ಪೋರ್ಚುಗೀಸ್ ಪಾದ್ರಿಗಳು ಒಳ್ಳೊಳ್ಳೆಯ ಮರಗಳನ್ನು ಆರಿಸಿ ಕಸಿ ಕಟ್ಟಿ ಹಬ್ಬಿಸಿದರು. ಹಾಪುಸ್‌ನ ಮೂಲ ಹೆಸರಾದ ಅಲ್ಫೋನ್ಸೊ ಬಂದದ್ದು ಅಫೊನ್ಸೊ ಡಿ ಅಲ್ಬುಕರ್ಕ್‌ನಿಂದ ಎನ್ನುತ್ತಾರೆ. 1563ರಲ್ಲಿ ಗೋವಾದಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವೈದ್ಯ ಗಾರ್ಸಿಯಾ ಡಾ ಓರ್ಟಾ, ತಾನು ಗುತ್ತಿಗೆ ಹಿಡಿದಿದ್ದ ಬೊಂಬಾಯಿ ದ್ವೀಪದಲ್ಲಿ ವರ್ಷಕ್ಕೆ ಎರಡು ಸಲ ಹಣ್ಣು ಕೊಡುವ ಮಾವಿನ ಮರವೊಂದಿದೆ ಎಂದು ಹೇಳಿಕೊಂಡಿದ್ದಾನೆ. ಅಂದರೆ ಈ ಊರಿನ ಮಾವಿನ ಮೋಹ ನಮ್ಮ ನಿಮ್ಮ ಕಾಲದ್ದಲ್ಲ.

ಈಗ ನಿಜವಾದ ಕತೆಗೆ ಬರೋಣ. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಬೊಂಬಾಯಿಯಿಂದ ಆರು ತಳಿಯ ಕಸಿ ಮಾವಿನ ಗಿಡಗಳನ್ನು ಹಡಗಿನಲ್ಲಿ ತರಿಸಿಕೊಂಡಿತು. ಅದಕ್ಕೆ ಹಿಂದಿನ ವರ್ಷ ಕಲ್ಕತ್ತೆಯಿಂದ ತರಿಸಿದ ಗಿಡಗಳು ಉಳಿದಿರಲಿಲ್ಲ. ಬೊಂಬಾಯಿಯ ಗಿಡಗಳಲ್ಲಿ ಕೆಲವು ಫ್ಲಾರಿಡಾದಲ್ಲಿ ಎಲ್‌ಬ್ರಿಜ್ ಗೇಲ್ ಎಂಬ ನಿವೃತ್ತ ಪ್ರೊಫೆಸರರ ಜಮೀನು ಸೇರಿದವು. 1894-95ರ ಚಳಿಗಾಲದಲ್ಲಿ ಅಲ್ಲಿ ಭೀಕರ ಹಿಮ ಬಿದ್ದು ತೋಟಕ್ಕೆ ತೋಟವೇ ಸುಟ್ಟುಹೋದಾಗ, ಇವುಗಳಲ್ಲಿ ಒಂದೇ ಒಂದು ಮರ ಬದುಕಿತು. ಒಂಬತ್ತು ವರ್ಷ ಕಾಯಿಸಿ 1898ರಲ್ಲಿ ಹಣ್ಣು ಕೊಟ್ಟಿತು. ಅದಕ್ಕೆ ಅವರು ಕರೆದ ಹೆಸರು ಮಲ್ಗೋಬಾ.

ಮಲ್ಗೋಬಾ ಅಂದರೆ ಗೊತ್ತಾಯಿತಲ್ಲ? ನಮ್ಮ ಮಲಗೋವಾ! ಚೀಟಿ ಬರೆದವರ ಕೈಯಲ್ಲಿ ಅಕ್ಷರ ತಪ್ಪಿ ಹಾಗಾಯಿತು. ಮಜಾ ಏನೆಂದರೆ, ಆ ಮರದ ಕೆಂಪು ಛಾಯೆಯ ಹಣ್ಣು ಮಲಗೋವಾದ ಲಕ್ಷಣಕ್ಕೂ ಹೊಂದಲಿಲ್ಲ. ಅದನ್ನು ನೋಡಿದ ಭಾರತೀಯರಿಗೆ ಇದು ನಮ್ಮ ಇಂಥ ತಳಿ ಎಂದು ಗುರುತು ಹಿಡಿಯಲಾಗಲಿಲ್ಲ. ಹಿಮಕ್ಕೆ ಮೇಲಿನ ಕಸಿ ಸತ್ತು, ಕೆಳಗೆ ಬೇರು ಕೊಟ್ಟಿದ್ದ ನಾಟಿ ಗಿಡವೇ ಚಿಗುರಿ ಮರವಾಗಿರಬಹುದು ಎನ್ನುವ ವಾದವೂ ಇದೆ. ಯಾವ ಲೆಕ್ಕಕ್ಕೂ ಇಲ್ಲದೆ ಹಡಗು ಹತ್ತಿದ ಬೇರು!

1902ರಲ್ಲಿ ಮಯಾಮಿ ಹತ್ತಿರದ ಕೊಕೊನಟ್ ಗ್ರೋವ್‌ನಲ್ಲಿ ಜಾನ್ ಹೇಡನ್ ಎಂಬ ನಿವೃತ್ತ ಸೇನಾ ಕ್ಯಾಪ್ಟನ್ ಈ ಮಲ್ಗೋಬಾದ ಬೀಜದ ಸಸಿಗಳನ್ನು ತನ್ನ ಜಾಗದಲ್ಲಿ ಬೆಳೆಸಲು ಶುರು ಮಾಡಿದರು. ಮರುವರ್ಷವೇ, 1903ರಲ್ಲಿ, ತೀರಿಕೊಂಡರು. ಅವರ ಪತ್ನಿ ಫ್ಲಾರೆನ್ಸ್ ಆ ಗಿಡಗಳನ್ನು ನೋಡಿಕೊಂಡರು. 1910ರಲ್ಲಿ ಒಂದು ಮರ ಎಲ್ಲರ ಕಣ್ಣು ಕುಕ್ಕುವಂಥ ದೊಡ್ಡ, ಕೆಂಪನೆಯ ಹಣ್ಣು ಬಿಟ್ಟಿತು. ಆಕೆ ಅದಕ್ಕೆ ಗಂಡನ ಹೆಸರೇ ಇಟ್ಟರು, ಹೇಡನ್ ಎಂದು. ಗೊರಟು ಹಾಕಿದವರು ಒಂದು ಹಣ್ಣೂ ತಿನ್ನಲಿಲ್ಲ ನೋಡಿ. ಡಿಪಾಸಿಟ್ ಇಟ್ಟವರು ಒಬ್ಬರು, ಬಡ್ಡಿ ಉಂಡವರು ಊರೆಲ್ಲ.

ಕತೆ ಇನ್ನೂ ಇದೆ. ಹೇಡನ್‌ನ ಗೊರಟಿನಿಂದ 1920ರ ದಶಕದಲ್ಲಿ ಹುಟ್ಟಿದ್ದೆಂದು ಹೇಳಲಾಗುವ ಇನ್ನೊಂದು ಮರ ಟಾಮಿ ಆಟ್ಕಿನ್ಸ್. ನಾರು ಜಾಸ್ತಿ, ರುಚಿ ಸಾಧಾರಣ ಎಂದು ಅಲ್ಲಿನ ತಳಿ ಪರೀಕ್ಷಕರು ಅದನ್ನು ಮತ್ತೆ ಮತ್ತೆ ತಿರಸ್ಕರಿಸಿದರು. ಆದರೆ ಬಣ್ಣ ಚೆನ್ನ, ಎಷ್ಟು ದೂರ ಸಾಗಿಸಿದರೂ ಕೆಡದು. ಅಷ್ಟು ಸಾಕಾಯಿತು ವ್ಯಾಪಾರಿಗಳಿಗೆ. ಮೆಕ್ಸಿಕೊ, ಬ್ರೆಜಿಲ್‌ನಲ್ಲಿ ಬೆಳೆದು ಅಮೆರಿಕದ ಅಂಗಡಿಗಳನ್ನು ತುಂಬಿಕೊಂಡಿತು. ಇತ್ತ ನಮ್ಮ ಹಾಪುಸ್‌ಗೆ ಆ ದೇಶದ ಬಾಗಿಲು 1989ರಿಂದ ಮುಚ್ಚಿತ್ತು. ಗೊರಟಿನೊಳಗೆ ಅಡಗುವ ಹುಳ ತಮ್ಮ ನೆಲಕ್ಕೆ ಬಂದೀತು ಎಂಬುದು ಅವರ ಭಯಗಳಲ್ಲೊಂದು. 2007ರಲ್ಲಿ, ಹಣ್ಣನ್ನು ವಿಕಿರಣಕ್ಕೆ ಒಡ್ಡಿ ಕಳಿಸುವ ಷರತ್ತಿನ ಮೇಲೆ ಬಾಗಿಲು ತೆರೆಯಿತು. ಬೊಂಬಾಯಿಯ ಗಿಡದ ಮೊಮ್ಮಗ ಅಲ್ಲಿ ಯಜಮಾನನಾಗಿ ಕೂತಿರುವಾಗ, ಬೊಂಬಾಯಿಯ ಹಣ್ಣು ವೀಸಾಕ್ಕೆ ಸಾಲು ನಿಂತ ಹಾಗೆ!

2000ದ ದಶಕದಲ್ಲಿ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆ ಮಾಡಿದಾಗ ಹೇಡನ್‌ನ ತಂದೆ ಟರ್ಪೆಂಟೈನ್ ಎಂಬ ಫ್ಲಾರಿಡಾದ ನಾಟಿ ಮಾವು ಎಂಬ ತೀರ್ಮಾನಕ್ಕೆ ಬಂದರು. ಹಾಗಾದರೆ ಹೇಡನ್ ಭಾರತದ್ದೋ ಅಮೆರಿಕದ್ದೋ? ಈ ಪ್ರಶ್ನೆ ನಮಗೆ ಹೊಸದಲ್ಲ ಬಿಡಿ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳ ಕನ್ನಡ ಕೇಳಿ ಚಿಕ್ಕಪ್ಪ, ಅತ್ತೆಯಂದಿರು ನಗುವುದಿಲ್ಲವೇ, ಅರ್ಧ ಮರಾಠಿ ಕಾಲು ಹಿಂದಿ ಎಂದು? ನಮಗೂ ಒಳಗೊಳಗೆ ಚುರುಕ್ ಅನ್ನುತ್ತದೆ. ಹೊರನಾಡಿಗೆ ಬಂದ ನಾವೆಲ್ಲ ಮಕ್ಕಳಿಂದ ಬಯಸುವುದು ಕಸಿ ಗಿಡವನ್ನು, ಅದೇ ರುಚಿ, ಅದೇ ವಾಸನೆ. ಹುಟ್ಟುವುದು ಮಾತ್ರ ಗೊರಟಿನ ಗಿಡ.

ಹಾಗೆಂದು ಕಸಿ ಕೀಳಲ್ಲ. ಹಾಪುಸ್ ಕೂಡ ಒಂದು ಕಾಲಕ್ಕೆ ಯಾವುದೋ ಗೊರಟಿನಿಂದ ಎದ್ದ ಒಂಟಿ ಮರವೇ. ಅದು ಒಳ್ಳೆಯದು ಎಂದು ಗುರುತಿಸಿ ಕಸಿ ಕಟ್ಟಿದವರಿಂದ ನಮ್ಮವರೆಗೆ ಬಂತು. ಹೊಸದು ಹುಟ್ಟುವುದು ಗೊರಟಿನಿಂದ, ಹುಟ್ಟಿದ್ದು ಉಳಿಯುವುದು ಕಸಿಯಿಂದ. ಎರಡೂ ಬೇಕು.

ಇದನ್ನು ನಮ್ಮ ಮಲೆನಾಡಿನವರು ಯಾರೂ ಹೇಳಿಕೊಡದೆ ತಿಳಿದಿದ್ದರು. ಅಘನಾಶಿನಿ, ಶರಾವತಿ ದಂಡೆಯ ಅಪ್ಪೆಮಿಡಿ ಮರಗಳು ತಾನಾಗಿ ಬಿದ್ದ ಗೊರಟಿನಿಂದ ಎದ್ದವು. ಒಂದೊಂದಕ್ಕೂ ಬೇರೆ ಸೊನೆ, ಬೇರೆ ಪರಿಮಳ, ಬೇರೆ ಹೆಸರು. ಅನಂತಭಟ್ಟನ ಅಪ್ಪೆಯ ಹೆಸರು ಕೇಳಿದರೇ ಉಪ್ಪಿನಕಾಯಿ ಭರಣಿ ಕಣ್ಣ ಮುಂದೆ ಬಂದು ಬಾಯಲ್ಲಿ ನೀರೂರುತ್ತದೆ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕರಾವಳಿಯ ಬಪ್ಪಕಾಯಿಯಂಥ ಕೆಲವು ಮಾವುಗಳದ್ದು ಇನ್ನೊಂದು ವಿಚಿತ್ರ. ಒಂದೇ ಗೊರಟಿನಿಂದ ಹಲವು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪ. ಆದರೆ ನಾಟಿ ಮರದ ಗತಿ ಏನೆಂದರೆ, ಅದು ಒಂದೇ ಪ್ರತಿ ಇರುವ ದಸ್ತಾವೇಜು. ರಸ್ತೆ ಅಗಲ ಮಾಡಲು ಕಡಿದರೆ ಹೋಯಿತು, ನಕಲು ಎಲ್ಲೂ ಸಿಗದು.

ಸರಿ, ಎರಡನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಾವು ಏನು ಮಾಡಬಹುದು? ಗೊರಟನ್ನು ಚೆನ್ನಾಗಿ ತೊಳೆದು, ಒಂದು ದಿನ ನೆರಳಲ್ಲಿ ಆರಿಸಿ, ಅಂಚಿನಲ್ಲಿ ಹುಷಾರಾಗಿ ಕತ್ತರಿಸಿ ಒಳಗಿನ ಬೀಜ ತೆಗೆಯಿರಿ. ತಡ ಮಾಡಬೇಡಿ, ಮಾವಿನ ಬೀಜ ಒಣಗಿದರೆ ಕೆಲವೇ ವಾರದಲ್ಲಿ ಜೀವ ಕಳೆದುಕೊಳ್ಳುತ್ತದೆ. ತಳದಲ್ಲಿ ತೂತಿರುವ ಆಳವಾದ ಕುಂಡದಲ್ಲಿ, ಡುಬ್ಬ ಮೇಲೆ ಬರುವಂತೆ, ಒಂದಿಂಚು ಮಣ್ಣು ಮುಚ್ಚಿ ಇಡಿ. ನೀರು ನಿಲ್ಲಬಾರದು, ಮಣ್ಣು ಒಣಗಲೂಬಾರದು. ಎರಡು ಮೂರು ವಾರಕ್ಕೆ ಮೊಳಕೆ ಮೇಲೆ ಬರುತ್ತದೆ. ಆಮೇಲೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಿ. ಮೊದಲ ಎಲೆಗಳು ತಾಮ್ರದ ಬಣ್ಣಕ್ಕಿದ್ದು ನಿಧಾನವಾಗಿ ಹಸಿರಾಗುವುದನ್ನು ನೋಡುವುದೇ ಚಂದ.

ಹಣ್ಣಿನ ಆಸೆ ಇಟ್ಟುಕೊಳ್ಳಬೇಡಿ. ನೆಲದಲ್ಲಿ ಇದ್ದರೂ ಗೊರಟಿನ ಗಿಡ ಫಲ ಕೊಡಲು ಆರೇಳು ವರ್ಷವಾದರೂ ಬೇಕು, ಕುಂಡದಲ್ಲಿ ಬಿಡುವುದು ಕಷ್ಟವೇ. ಆದರೆ ಯುಗಾದಿಯ ಹಿಂದಿನ ದಿನ ಇಲ್ಲಿನ ಮಾರ್ಕೆಟಿನಲ್ಲಿ ಬಾಡಿದ ನಾಲ್ಕು ಮಾವಿನೆಲೆಗೆ ಎಷ್ಟು ಕೇಳುತ್ತಾರೆ ಎಂದು ನಿಮಗೆ ಗೊತ್ತೇ ಇದೆ. ಗಿಡ ಬಲಿತ ಮೇಲೆ ಕಲಶಕ್ಕೆ ಐದು ಎಲೆ ಮನೆಯದೇ ಆಯಿತು. ಎಲೆಗೆ ಹಾಪುಸ್ ಯಾವುದು, ನಾಟಿ ಯಾವುದು ಎಂದು ಯಾವ ದೇವರೂ ಕೇಳುವುದಿಲ್ಲ.

ನಿಮ್ಮ ಊರ ಮನೆಯ ಹಿತ್ತಲಲ್ಲಿ ಹೆಸರಿಟ್ಟು ಕರೆಯುತ್ತಿದ್ದ ಮಾವಿನ ಮರ ಇತ್ತೇ? ಇದ್ದರೆ ಮುಂದಿನ ಬೇಸಿಗೆಯಲ್ಲಿ ಒಂದು ಗೊರಟು ಬ್ಯಾಗಿಗೆ ಹಾಕಿಕೊಂಡು ಬನ್ನಿ.