ಹದಿನಾರು ಸಿಲಿಂಡರುಗಳ ಆಸೆ

1950ರ ಆಗಸ್ಟ್ 26ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನೆರೆದವರು ಕೇವಲ ಪಂದ್ಯ ನೋಡಲು ಬಂದವರಲ್ಲ. ಯುದ್ಧದಿಂದ ಬಸವಳಿದ ದೇಶದ ಮಾನ ಅಂದು ಬಿ.ಆರ್.ಎಂ. ತಂಡದ ಕಾರಿನ ಮೇಲೆ ನಿಂತಿತ್ತು. ರೇಮಂಡ್ ಮೇಸ್ ಅವರ ಈ ಕನಸಿಗೆ ನೂರಕ್ಕೂ ಹೆಚ್ಚು ಉದ್ಯಮಗಳು ನೆರವಾಗಿದ್ದವು. ಬಾವುಟ ಬೀಸಿತು, ಚಾಲಕ ಸೋಮರ್ ಕ್ಲಚ್ ಬಿಟ್ಟರು. ಚಕ್ರಗಳಿಗೆ ಶಕ್ತಿ ಸಾಗಿಸುವ ಭಾಗ ಮುರಿದು ಕಾರು ಅಲ್ಲಿಯೇ ನಿಂತಿತು. ಜನ ಗೇಲಿಯಿಂದ ಪೆನ್ನಿ ಕಾಸುಗಳನ್ನು ಎಸೆದರು.

ಎಂಜಿನ್ನೇನು ಸಾಮಾನ್ಯವೇ? ಒಂದೂವರೆ ಲೀಟರನ್ನು 16 ಸಿಲಿಂಡರುಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 93 ಸಿ.ಸಿ.; ನಮ್ಮ ಸ್ಕೂಟರಿನದೇ ಇದಕ್ಕಿಂತ ದೊಡ್ಡದು! ಗಾಳಿಯನ್ನು ಒತ್ತಿ ತುಂಬಲು ರೋಲ್ಸ್ ರಾಯ್ಸ್‌ನ ಸೂಪರ್‌ಚಾರ್ಜರ್ ಇತ್ತು. ಅದರ ಒತ್ತಡ ಏರುತ್ತಿದ್ದುದು ಎಂಜಿನ್ನಿನ ವೇಗ ಏರಿದಂತೆಲ್ಲ. ಹೀಗಾಗಿ ತಿರುವಿನಲ್ಲಿ ನಿಧಾನಿಸಿದಾಗ ಬಲ ಸಾಲದು. ಮತ್ತೆ ವೇಗ ಹಿಡಿದಾಗ ಅದು ಒಮ್ಮೆಲೇ ನುಗ್ಗಿ ಚಕ್ರಗಳು ಸುಮ್ಮನೆ ಗಿರಗಿರನೆ ತಿರುಗುತ್ತಿದ್ದವು. ಇದನ್ನು ತಿದ್ದುವಷ್ಟರಲ್ಲಿ 1952 ಬಂತು. ವಿಶ್ವ ಚಾಂಪಿಯನ್‌ಷಿಪ್ಪಿನ ಪಂದ್ಯಗಳು ಬೇರೆ ನಿಯಮಕ್ಕೆ ಹೊರಳಿ ಆ ಎಂಜಿನ್ನಿಗೆ ಜಾಗವೇ ಇಲ್ಲವಾಯಿತು.

ಅದೇ ವರ್ಷ ತಂಡವನ್ನು ಕೊಂಡ ಉದ್ಯಮಿ ಆಲ್‌ಫ್ರೆಡ್ ಓವೆನ್ ತಾಳ್ಮೆಯ ಮನುಷ್ಯ. ಆದರೂ 1962ರಲ್ಲಿ ಗೆಲ್ಲದಿದ್ದರೆ ಬಾಗಿಲು ಮುಚ್ಚುವುದಾಗಿ ಎಚ್ಚರಿಸಿದರು. ಸರಳವಾದ ಎಂಟು ಸಿಲಿಂಡರಿನ ಎಂಜಿನ್ ತಂಡವನ್ನು ಉಳಿಸಿತು. ಗ್ರಹಾಂ ಹಿಲ್ ವಿಶ್ವ ಚಾಂಪಿಯನ್ ಆದರು.

ಹಳೆಯ ಚಟ ಬಿಟ್ಟೀತೆ? 1966ರಲ್ಲಿ ಎಂಟರ ಮೇಲೆ ಎಂಟನ್ನು ಪೇರಿಸಿ ಮತ್ತೆ ಹದಿನಾರು ಸಿಲಿಂಡರಿನ ಭಾರೀ ಎಂಜಿನ್ ಮಾಡಿದರು. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅದು ಗೆದ್ದದ್ದು ಒಂದೇ ಪಂದ್ಯ, ಅದೇ ವರ್ಷ ಅಮೆರಿಕದಲ್ಲಿ. ಅದೂ ಜಿಮ್ ಕ್ಲಾರ್ಕ್ ಓಡಿಸಿದ ಲೋಟಸ್ ತಂಡದ ಕಾರಿನಲ್ಲಿ.